ಯಂತ್ರಗಳು ಹೇಳಿದ ಹೆಸರು

ಗದಗಿನ ಕಡೆಯ ಒಂದು ನೂಲಿನ ಗಿರಣಿಯಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವಳು ಕಸ್ತೂರಿ. ತಂಗಿಯ ನಿಶ್ಚಿತಾರ್ಥಕ್ಕೆ ಅವಳು ರಜೆ ಕೇಳಿದರೆ ಮ್ಯಾನೇಜರ್ ಇನಾಮದಾರ ಸಾಹೇಬರು ಒಪ್ಪಲಿಲ್ಲ. "ಮಷೀನೆಲ್ಲಾ ನಿನ್ನ ಹೊಣೆ. ನೀ ಹೋದರ ಹೆಂಗ?" ಎಂದರು.

ಅವಳ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಕೂತಲ್ಲಿಂದಲೇ ಪ್ರಿಂಟರನ್ನೋ ಗೇಟಿನ ಕ್ಯಾಮೆರಾವನ್ನೋ ಅದರಿಂದ ವಿಚಾರಿಸಬಹುದಿತ್ತು. ಎಲ್ಲಿದ್ದೀಯ, ಯಾವಾಗಿನಿಂದ ಓಡುತ್ತಿದ್ದೀಯ, ನೀನು ಯಾರ ಹೊಣೆ ಎಂದು ಕೇಳಿದರೆ ಉತ್ತರ ತೆರೆಯ ಮೇಲೆ ಬರುತ್ತಿತ್ತು. ಹೊಣೆ ಯಾರದೆಂದರೆ ಎಲ್ಲವೂ ಕಸ್ತೂರಿಯ ಹೆಸರನ್ನೇ ಹೇಳುತ್ತಿದ್ದವು. ಅದನ್ನು ಕಂಡು ಸಾಹೇಬರು ಸಿಡುಕಿದರು.

"ನಾಳೆ ಮಾಲೀಕರು ಬರ್ತಾರ. ಯಾವ ಮಷೀನ್ ಕೇಳಿದರೂ ನನ್ನ ಹೆಸರೇ ಹೇಳಬೇಕು!"

"ಆಗಲಿ ಸರ್," ಎಂದ ಕಸ್ತೂರಿ ಸಂಜೆಯೊಳಗೆ ಎಲ್ಲ ಕಡೆಯೂ ಹೆಸರು ಬದಲಿಸಿದಳು.

ಮರುದಿನ ಮಾಲೀಕರ ಎದುರು ಪ್ರಿಂಟರ್ ಸಾಹೇಬರ ಹೆಸರು ಹೇಳಿತು. ಗೇಟಿನ ಕ್ಯಾಮೆರಾವೂ ಅದನ್ನೇ ಹೇಳಿತು.

"ಭೇಷ್! ಎಲ್ಲಾ ನೀವೇ ನೋಡ್ಕೋತೀರೇನ್ರಿ?" ಎಂದರು ಮಾಲೀಕರು.

"ಹೌದ್ರಿ, ಎಲ್ಲಾ ನಾನೇ," ಎಂದು ಸಾಹೇಬರು ಬೀಗಿದರು.

ಕಸ್ತೂರಿ ಮೆಲ್ಲಗೆ ಕೇಳಿದಳು. "ಹಂಗಾದ್ರ ಸರ್, ನಾ ತಂಗಿ ನಿಶ್ಚಿತಾರ್ಥಕ್ಕ ಹೋಗಿ ಬರಲೇನ್ರಿ? ಈಗ ಒಂದು ಮಷೀನೂ ನನ್ನ ಹೊಣೆ ಅಲ್ಲಲ್ರಿ."

"ಹೋಗಿ ಬಾರವ್ವಾ, ಸಾಹೇಬರು ಅದಾರಲ್ಲ," ಎಂದು ಮಾಲೀಕರು ನಕ್ಕರು. ಸಾಹೇಬರಿಗೆ ತಲೆ ಆಡಿಸದೆ ಗತಿ ಇರಲಿಲ್ಲ.

ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಸಾಹೇಬರ ಫೋನು ಬಂತು.

"ಕಸ್ತೂರಿ, ಪ್ರಿಂಟರ್ ಯಾಕೋ ಮಾತೇ ಆಡವಲ್ದು."

"ಕರೆಂಟ್ ಸ್ವಿಚ್ ಹಾಕ್ರಿ ಸರ್," ಎಂದು ಹೇಳಿ ಅವಳು ಹಾಯಾಗಿ ಸೀಟಿಗೊರಗಿದಳು.