ಕತ್ತಲಮ್ಮ ದೀಪ ಒಲ್ಲೆನೆಂದದ್ದು

ಬಂಡೆಯನ್ನು ಬೆಂಕಿಯಿಂದ ಒಡೆಯುತ್ತಿದ್ದ ಪೂರ್ವಕಾಲದಲ್ಲಿ ಈ ಹೊನ್ನಗವಿಯ ಗುಡ್ಡದ ಹೊಟ್ಟೆಯಲ್ಲಿ ಚಿನ್ನದ ಎಳೆಯಿತ್ತು. ಅಗೆಯುವವರು ಗವಿಯೊಳಗೆ ಕಟ್ಟಿಗೆ ಒಟ್ಟಿ ಉರಿ ಹಚ್ಚುವರು. ಬಂಡೆ ಕಾದು ಕೆಂಪಾದಾಗ ನೀರೆರಚಿ ಬಿರುಕು ಬಿಡಿಸುವರು. ಗವಿಯು ಕತ್ತಲಮ್ಮ ದೇವಿಯ ಗರ್ಭವಾದ್ದರಿಂದ ಒಳಹೋಗುವವರು ಕಾಲಿನ ಕೆರವನ್ನು ಗವಿಯ ಬಾಯಲ್ಲೇ ಬಿಡಬೇಕು. ಅಲ್ಲಿ ಒಂದು ಜೊತೆ ಕೆರವಿದ್ದರೂ ಬೆಂಕಿ ಹಚ್ಚಬಾರದೆಂಬುದು ಕಟ್ಟಳೆ.

ಅಗೆಯುವವರಲ್ಲಿ ದುಗ್ಗಣ್ಣ ಎಂಬವನಿದ್ದನು. ಅವನ ಹೆಂಡತಿ ಕೆಂಚವ್ವ. ಕೂಸಿಗೆ ಮೂರು ದಿನದಿಂದ ಜ್ವರ. ಮಧ್ಯಾಹ್ನಕ್ಕೆ ಬರುವೆನೆಂದು ಹೋದ ಗಂಡ ಹೊತ್ತು ವಾಲಿದರೂ ಬರಲಿಲ್ಲ. ಎಳೆ ಸಿಕ್ಕಿತೆಂದರೆ ಗಂಡಸಿಗೆ ಮನೆ ಮರೆಯುತ್ತದೆ. ಆ ಯುಗದಲ್ಲೂ ಹಾಗೆಯೇ. ಅವಳು ಕೂಸನ್ನೆತ್ತಿಕೊಂಡು ಬಂದು ಗವಿಯೊಳಕ್ಕೆ ಕೂಗಿದಳು.

“ಏನ್ರೀ, ಕೂಸು ಕಣ್ಣ ತೆಗೀವಲ್ದು. ಬರ್ತೀರೋ ಇಲ್ಲೋ?”

“ಇನ್ನೊಂದು ಬುಟ್ಟಿ ಐತಿ, ಬಂದೆ ತಡಿ!”

“ಆ ಬುಟ್ಟಿನ್ನ ಕಟ್ಕೋಬೇಕಿತ್ತು ನೀವು. ಬರಿಗಾಲಾಗ ಮುಳ್ಳು ತುಳಕೊಂತ ಬರ್ರಿ, ಆವಾಗ ಹೆಂಡ್ತಿ ನೆನಪಾಗ್ತಾಳ!”

ಸಿಟ್ಟಿನಲ್ಲಿ ಅವನ ಕೆರ ಎತ್ತಿಕೊಂಡು ಹೋಗಿ ತೊಟ್ಟಿಲ ಕೆಳಗೆ ಇಟ್ಟಳು.

ಸಂಜೆ ಉರಿ ಹಚ್ಚುವ ಹಿರಿಯ ಎರೆಯಪ್ಪ ಬಂದು ಗವಿಯ ಬಾಯಿ ನೋಡಿದನು. ಕೆರವಿಲ್ಲ. ಬಾಯ ಸಮೀಪ ಒಟ್ಟಿದ್ದ ಕಟ್ಟಿಗೆಗೆ ಉರಿ ಹಚ್ಚಿದನು. ಅವನು ಕಟ್ಟಳೆ ಮೀರಲಿಲ್ಲ. ಒಮ್ಮೆ ಕೂಗಿ ನೋಡಿದ್ದರೆ! ಕಟ್ಟಳೆಯಲ್ಲಿ ಕೂಗು ಇರಲಿಲ್ಲ.

ಹೊಗೆ ಕಂಡು ಕೆಂಚವ್ವ ಕೆರ ಹಿಡಿದೇ ಓಡಿದಳು. ಅವಳ ಕೈಯಲ್ಲಿ ಅದನ್ನು ಕಂಡವರಿಗೆ ಬೇರೆ ಹೇಳಬೇಕಾಗಲಿಲ್ಲ. ಎಲ್ಲರೂ ನೀರೆರಚಿದರು. ಬಂಡೆ ಸಿಡಿದು, ಸೀಳಿನಿಂದ ನೀರು ಚಿಮ್ಮಿ, ಉರಿಯೇನೋ ಆರಿತು. ಒಳಗೆ ದುಗ್ಗಣ್ಣ ತುಂಬಿದ ಬುಟ್ಟಿಗೆ ಒರಗಿ ಕೂತಿದ್ದನು. ಹೊಗೆ ಅವನ ಉಸಿರು ತೆಗೆದುಕೊಂಡಿತ್ತು. ಕೂಸಿನ ಜ್ವರ ಅಂದೇ ಇಳಿಯಿತು. ತೋರಿಸಲು ಅಪ್ಪನಿರಲಿಲ್ಲ.

ಆಗ ಗವಿಯಿಂದ ವಾಣಿಯಾಯಿತು: “ನನ್ನ ಗರ್ಭದಲ್ಲಿ ಇನ್ನು ಉರಿ ಬೇಡ, ಆರತಿಯೂ ಬೇಡ. ಹೊನ್ನಿನ ಬಾಗಿಲು ಮುಚ್ಚಿದೆ. ಕೆರ ನೋಡಬೇಡಿ, ಮನುಷ್ಯರನ್ನು ಕೂಗಿ.”

ಸೀಳಿದ ಬಂಡೆಯಲ್ಲಿ ಆ ನೀರು ಇಂದಿಗೂ ಹರಿಯುತ್ತಿದೆ. ಗವಿಯ ಬಾಯಲ್ಲಿ ಒಂದು ಜೊತೆ ಕಲ್ಲಿನ ಕೆರವನ್ನು ಭಕ್ತರು ಕಾಣಬಹುದು. ಒಳಗೆ ದೀಪವಿಲ್ಲ, ದೇವಿಯನ್ನು ಕೈಯಿಂದ ಮುಟ್ಟಿಯೇ ದರ್ಶನ ಪಡೆಯಬೇಕು. ಸಂಜೆ ಬಾಗಿಲು ಹಾಕುವ ಮುನ್ನ ಊರಿನ ಒಬ್ಬ ಹೆಂಗಸು ಕತ್ತಲೊಳಕ್ಕೆ ಮೂರು ಸಲ ಕೂಗುತ್ತಾಳೆ: “ಒಳಗ ಯಾರರ ಅದೀರೇನು?” ನೀರಿನ ಸದ್ದಷ್ಟೇ ಕೇಳಿದರೆ ಬಾಗಿಲು ಹಾಕುತ್ತಾಳೆ.

ಮೊದಲು ಹಾಗೆ ಕೂಗಿದವಳು ಕೆಂಚವ್ವ. ಅವಳು ಬದುಕಿದ್ದ ತನಕ ಕೂಗಿ ಅಲ್ಲೇ ಕಾಯುತ್ತಿದ್ದಳು, ಬಾಗಿಲು ಹಾಕಲು ಮಾತ್ರ ಬೇರೆಯವರೇ ಬರಬೇಕಾಗಿತ್ತು.