ಎಮ್ಮೆಯ ಬೆನ್ನಿಗೆ ಬಿದ್ದ ಮುದ್ರೆ

ಗುಡಿಸಲಿಗೂ ಅರಮನೆಗೂ ಒಂದೇ ಬೆಳಕು ಸುರಿಯುವ ಸೂರ್ಯನಾರಾಯಣನಿಗೆ ಮೊದಲು ಕೈಮುಗಿಯೋಣ.

ಮಠದ ಕೆರೆಯ ಬಳಿ ಮಂದಾಕಿನಿ ಎಂಬ ಮುದಿ ಎಮ್ಮೆ ಇದ್ದಳು. ಹರೆಯದಲ್ಲಿ ಬಿಸಿಲನ್ನು ನೊಣದಂತೆ ಕೊಡವಿಕೊಂಡವಳು. ಈಗ ಬೆನ್ನ ಮೇಲೆ ಗುಂಡು ಗುಂಡು ಕಲೆಗಳೆದ್ದಾಗ ಅವಳಿಗೆ ಹಿಗ್ಗೋ ಹಿಗ್ಗು. ಮಠದಲ್ಲಿ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಭಕ್ತರ ತೋಳಿಗೆ ಒತ್ತುವುದನ್ನು ಅವಳು ಕಂಡಿದ್ದಳು.

"ನನಗೆ ಸಾಕ್ಷಾತ್ ಸೂರ್ಯನೇ ಮುದ್ರೆ ಒತ್ತಿದ್ದಾನೆ!" ಎಂದು ಊರೆಲ್ಲ ಸಾರಿ, ಇನ್ನಷ್ಟು ಮುದ್ರೆಗಾಗಿ ನಡುಮಧ್ಯಾಹ್ನ ಬಯಲಲ್ಲೇ ನಿಂತಳು. ಉರಿ ಏರಿದರೂ ಕದಲಲಿಲ್ಲ.

ಬೆನ್ನೇರಿದ ಬೆಳ್ಳಕ್ಕಿ ಬಗ್ಗಿ ನೋಡಿತು. "ಅಜ್ಜಮ್ಮಾ, ಇದು ಮುದ್ರೆಯಲ್ಲ, ಬಿಸಿಲಿಗೆದ್ದ ಬೊಕ್ಕೆ. ಇನ್ನೂ ನಿಂತರೆ ಜೀವಕ್ಕೇ ಸಂಚಕಾರ."

"ಹಾಗಾದರೆ ಪಕ್ಕದಲ್ಲೇ ಕುಣಿಯುವ ಕರುವಿಗೇಕೆ ಬೊಕ್ಕೆ ಏಳಲಿಲ್ಲ? ಅದು ಕೃಪೆ ಸಿಗದ ಪಾಪಿಯೇನು?"

"ಪಾಪಿಯಲ್ಲ, ಎಳೆಯದು; ಮೈತುಂಬ ಕೂದಲಿದೆ. ನಿಮ್ಮದು ಕೂದಲುದುರಿ ತೆಳುವಾದ ಚರ್ಮ."

ಮಂದಾಕಿನಿ ಕಣ್ಣು ಪಿಳುಕಿಸಿದಳು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. "ಅಯ್ಯೋ ಸ್ವಾಮಿ, ನನ್ನ ಮುಪ್ಪನ್ನೇ ನಿನ್ನ ಕೃಪೆಯೆಂದು ಮೆರೆದೆನಲ್ಲ! ನನ್ನಂಥ ಎಮ್ಮೆ ಉಂಟೇ?" ಎಂದು ಕೆಸರಿಗಿಳಿದು, ಮೂಗಿನವರೆಗೆ ಮುಳುಗಿ, ಅಲ್ಲಿಂದಲೇ ಸೂರ್ಯನಿಗೆ ತಲೆಬಾಗಿದಳು.

ಕೇಳಿದ ನಿಮಗೆಲ್ಲ ಆ ದೇವರು ಬೆಳಗಿನ ಎಳೆಬಿಸಿಲನ್ನೂ ಮಧ್ಯಾಹ್ನದ ತಂಪನ್ನೂ ತಪ್ಪದೆ ಕೊಡಲಿ.