ಎರಡಂಕಿಯ ಜಾಗ

ಸಕ್ಕರೆ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಬಾಯ್ಲರ್ ಒತ್ತಡವನ್ನು ಪರದೆಯ ಮೇಲೆ ಬರೆಯುವ ಕೆಲಸ ಪ್ರಿಂಟ್‌ಎಫ್ ಎಂಬ ಆಜ್ಞೆಯದು. ಪ್ರತಿ ಸಂಖ್ಯೆಗೂ ಎರಡಂಕಿಯ ಜಾಗ. ಸಾಲು ಕೊಂಚವೂ ಡೊಂಕಾಗಬಾರದು.

ಎಂದೂ ತೊಂಬತ್ತು ದಾಟದ ಒತ್ತಡ ಅಂದು 112ಕ್ಕೇರಿತು.

"ಪೂರ್ತಿ ಬರೆಯಣ್ಣ, ಬಾಯ್ಲರ್ ಸಿಡಿದೀತು," ಎಂದಿತು ಪಕ್ಕದ ಎಕೋ, ಸಿಕ್ಕಿದ್ದನ್ನೆಲ್ಲ ಹಾಗೇ ಒದರಿಬಿಡುವ ಆಜ್ಞೆ.

"ನಿನ್ನ ಹಾಗೆ ಒದರುವುದಕ್ಕೆ ನನ್ನನ್ನಿಟ್ಟಿಲ್ಲ. ನನಗೆ ಹೇಳಿರುವುದು ಎರಡಂಕಿ," ಎಂದ ಪ್ರಿಂಟ್‌ಎಫ್, ಕೊನೆಯ ಅಂಕಿಯನ್ನು ಕತ್ತರಿಸಿ 11 ಎಂದು ಬರೆಯಿತು. ಸಾಲು ನೆಟ್ಟಗಿರುವುದನ್ನು ಕಂಡು ಅದಕ್ಕೆ ನೆಮ್ಮದಿಯಾಯಿತು.

ಪರದೆ ನೋಡಿದ ಆಪರೇಟರ್ ಬಸಲಿಂಗಪ್ಪ, "ಒತ್ತಡ ಬಿದ್ದುಹೋಗಿದೆ, ಉರಿ ಹೆಚ್ಚಿಸ್ರಪ್ಪಾ," ಎಂದ.

ಬಾಯ್ಲರ್ ಸಿಡಿಯಿತು. ಎಲ್ಲರೂ ಹೊರಗೆ ಓಡಿದರು. ಮುಂದೆ ಬಂದ ಒತ್ತಡ ಬರೀ ಸೊನ್ನೆ. ಪ್ರಿಂಟ್‌ಎಫ್ ಎಡಕ್ಕೆ ಒಂದಂಕಿಯ ಜಾಗ ಬಿಟ್ಟು, ಅದನ್ನೂ ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿತು.